ಬಯಲಿನ ಮೈಲಿ, ಗುಡ್ಡದ ಮೈಲಿ: ಬ್ಯಾಟರಿ ಗಾಡಿಯನ್ನು ಆರಿಸುವ ಮುನ್ನ

(ಬಳಗದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮುಂದಿರುವ ಪ್ರಸ್ತಾವ ತಮಗೆಲ್ಲ ತಿಳಿದಿದೆ. ಗುಡ್ಡದ ಬುಡದ ಬಸ್ ನಿಲ್ದಾಣದಿಂದ ಮೇಲಿನ ಮಜರೆಯವರೆಗಿನ ಮೂರು ಕಿಲೋಮೀಟರ್ ದಾರಿಯಲ್ಲಿ ಪ್ರವಾಸಿಗಳ ಜೀಪು, ಕಾರುಗಳನ್ನು ತಡೆಯಬೇಕು. ಅವುಗಳ ಬದಲು ಗಾಲ್ಫ್ ಮೈದಾನಗಳಲ್ಲಿ ಓಡಾಡುವ ಮಾದರಿಯ ಬ್ಯಾಟರಿ ಗಾಡಿಯೊಂದನ್ನು ಓಡಿಸಬೇಕು. ಅದೇ ಗಾಡಿ ಮೇಲಿನ ಮಜರೆಯ ವೃದ್ಧರಿಗೆ, ರೋಗಿಗಳಿಗೆ, ಬಸುರಿ ಬಾಣಂತಿಯರಿಗೆ ಒದಗಬೇಕು ಎಂಬುದೇ ಆ ಪ್ರಸ್ತಾವ. ತಾತ್ವಿಕವಾಗಿ ಇದನ್ನು ನಾನು ಒಪ್ಪುತ್ತೇನೆ. ಆದರೆ ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ. "ನಡು ಏರಿನಲ್ಲಿ ಬ್ಯಾಟರಿ ಮುಗಿದರೆ ಏನು ಗತಿ?" ಎಂದು ಅವರು ಕೇಳಿದಾಗ ಕೆಲವರು ನಕ್ಕರು. ಅದು ನಗುವ ಪ್ರಶ್ನೆಯಲ್ಲ. ಗಾಡಿಯ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರವನ್ನು ಗಾಡಿ ಮಾರುವವರ ಕರಪತ್ರದಲ್ಲಿ ಹುಡುಕಬಾರದು, ನಮ್ಮ ದಾರಿಯಲ್ಲಿ ಹುಡುಕಬೇಕು ಎಂಬುದೇ ಇಂದಿನ ನನ್ನ ಮಾತಿನ ಸಾರ.

ಗಾಲ್ಫ್ ಗಾಡಿ ಹುಟ್ಟಿದ್ದು ಕತ್ತರಿಸಿದ ಹುಲ್ಲಿನ ಮೇಲೆ, ನಿಧಾನವಾಗಿ, ನಿಂತು ನಿಂತು ಸಾಗುವುದಕ್ಕೆ. ಹಂಪಿಯಲ್ಲಿ ವಾಹನ ನಿಲುಗಡೆಯಿಂದ ವಿಜಯ ವಿಠ್ಠಲ ದೇವಸ್ಥಾನದವರೆಗೆ ಇಂಥ ಗಾಡಿಗಳು ಪ್ರವಾಸಿಗಳನ್ನು ಒಯ್ಯುತ್ತಿರುವುದನ್ನು ತಮ್ಮಲ್ಲಿ ಹಲವರು ನೋಡಿದ್ದೀರಿ. ಅಲ್ಲಿನ ದಾರಿ ಸುಮಾರು ಒಂದು ಕಿಲೋಮೀಟರ್, ಬಹುತೇಕ ಸಮತಟ್ಟು. ಮೈಸೂರಿನ ಮೃಗಾಲಯದಲ್ಲೂ ಬ್ಯಾಟರಿ ಗಾಡಿಗಳಿವೆ; ಅಲ್ಲಿಯೂ ದಾರಿ ಕಟ್ಟಿದ್ದು, ಏರಿಳಿತ ಅಲ್ಪ. ಆ ಸ್ಥಳಗಳಿಗೆ ಗಾಡಿ ಹೊಂದುತ್ತದೆ. ಅಲ್ಲಿ ಓಡಿದ್ದು ಇಲ್ಲಿಯೂ ಓಡೀತೆಂದು ಭಾವಿಸುವುದು ಮಾತ್ರ ಅವಸರದ ತೀರ್ಮಾನವಾಗುತ್ತದೆ.

ಕೃಷಿಯಲ್ಲಿ ಇದಕ್ಕೆ ಸಮಾನವಾದ ಅನುಭವ ನಮಗಿದೆ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಬಂದ ಭತ್ತದ ಇಳುವರಿಯನ್ನು ಬೀಜದ ಚೀಲದ ಮೇಲೆ ಅಚ್ಚು ಹಾಕಿರುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಆ ತಾಕಿನ ಸತ್ಯ. ನಮ್ಮ ಜೌಗು ಗದ್ದೆಯಲ್ಲಿ, ನಮ್ಮ ಆಷಾಢದ ಮಳೆಯಲ್ಲಿ ಬರುವ ಇಳುವರಿಯೇ ಬೇರೆ. "ಒಮ್ಮೆ ಚಾರ್ಜ್ ಮಾಡಿದರೆ 60 ಕಿಲೋಮೀಟರ್" ಎಂಬ ಮಾತೂ ಅಂಥದೇ. ಅದು ಸಮತಟ್ಟಾದ ದಾರಿಯ, ಹೊಸ ಬ್ಯಾಟರಿಯ, ಹಗುರ ಹೊರೆಯ ಸತ್ಯ.

ತೋಟಕ್ಕೆ ಪಂಪು ಕೊಳ್ಳುವಾಗ ನಮ್ಮ ರೈತರು ಈ ತಪ್ಪನ್ನು ಮಾಡುವುದಿಲ್ಲ. ಗಂಟೆಗೆ ಎಷ್ಟು ಲೀಟರ್ ಎಂದು ಕೇಳುವ ಮೊದಲು ಎಷ್ಟು ಅಡಿ ಹೆಡ್‌ಗೆ ಎಂದು ಕೇಳುತ್ತಾರೆ. ಹಳ್ಳದ ದಂಡೆಯಲ್ಲಿ ಧಾರಾಳವಾಗಿ ಸುರಿಯುವ ಪಂಪು ಗುಡ್ಡದ ಮೇಲಿನ ತೊಟ್ಟಿಗೆ ಎಳೆನೀರನ್ನಷ್ಟೇ ಮುಟ್ಟಿಸುತ್ತದೆ ಎಂಬುದು ಅವರಿಗೆ ಗೊತ್ತು. ಬ್ಯಾಟರಿ ಗಾಡಿಯೂ ಒಂದು ಪಂಪೇ. ಅದು ನೀರಿನ ಬದಲು ಜನರನ್ನು ಮೇಲಕ್ಕೆ ಎತ್ತುತ್ತದೆ. ಆದ್ದರಿಂದ ಇಲ್ಲಿಯೂ ದೂರಕ್ಕಿಂತ ಮೊದಲು ಎತ್ತರವನ್ನು ಕೇಳಬೇಕು.

ಈಗ ಲೆಕ್ಕವನ್ನು ಮಾಡೋಣ. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ. ಗಾಡಿಯ ತೂಕ ಬ್ಯಾಟರಿಯೂ ಸೇರಿ 450 ಕಿಲೋ ಎಂದಿಟ್ಟುಕೊಳ್ಳಿ. ಚಾಲಕನೂ ಸೇರಿ ಆರು ಜನ, ಅವರ ಚೀಲ, ಸಾಮಾನು ಎಲ್ಲ ಕೂಡಿ ಇನ್ನೊಂದು 450 ಕಿಲೋ. ಒಟ್ಟು 900 ಕಿಲೋ. ಈ ಭಾರವನ್ನು ನೆಟ್ಟಗೆ 100 ಮೀಟರ್ ಎತ್ತಲು ಸುಮಾರು ಕಾಲು ಯೂನಿಟ್ ವಿದ್ಯುತ್ ಬೇಕು. ಮನೆಯ ಕರೆಂಟು ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ನಮ್ಮ ದಾರಿ ಮೂರು ಕಿಲೋಮೀಟರಿನಲ್ಲಿ ಸುಮಾರು 200 ಮೀಟರ್ ಏರುತ್ತದೆ. ಅಲ್ಲಿಗೆ ಅರ್ಧ ಯೂನಿಟ್ ಆಯಿತು. ಆದರೆ ಬ್ಯಾಟರಿಯಿಂದ ಹೊರಟ ಶಕ್ತಿಯೆಲ್ಲ ಚಕ್ರಕ್ಕೆ ಮುಟ್ಟುವುದಿಲ್ಲ. ತಂತಿಯಲ್ಲಿ, ಮೋಟಾರಿನಲ್ಲಿ, ಗೇರಿನಲ್ಲಿ ಸೋರುತ್ತದೆ. ನೂರರಲ್ಲಿ ಎಪ್ಪತ್ತು ಪಾಲು ಮುಟ್ಟುತ್ತದೆ ಎಂದು ಹಿಡಿದರೆ, ಏರಿಗಾಗಿಯೇ 0.7 ಯೂನಿಟ್ ಖರ್ಚು. ಇದರ ಮೇಲೆ ಜಂಬಿಟ್ಟಿಗೆ ಮಣ್ಣಿನ, ಜಲ್ಲಿ ಎದ್ದ ದಾರಿಯಲ್ಲಿ ಚಕ್ರ ಉರುಳಲು ಕಿಲೋಮೀಟರಿಗೆ 0.1 ಯೂನಿಟ್. ಮೂರು ಕಿಲೋಮೀಟರಿಗೆ 0.3. ಒಟ್ಟಿನಲ್ಲಿ ಒಮ್ಮೆ ಮೇಲೇರಲು ಒಂದು ಯೂನಿಟ್ ಬೇಕು. ಇಳಿಯುವಾಗ ಗಾಡಿ ತನ್ನ ಭಾರಕ್ಕೇ ಇಳಿಯುವುದರಿಂದ ಖರ್ಚು ಅತ್ಯಲ್ಪ. ಆದುದರಿಂದ ಹೋಗಿಬರುವ ಒಂದು ಸುತ್ತಿಗೆ, ಅಂದರೆ ಆರು ಕಿಲೋಮೀಟರಿಗೆ, ಒಂದು ಯೂನಿಟ್ ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನು ಬ್ಯಾಟರಿಯಲ್ಲಿ ಎಷ್ಟಿದೆ? 48 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಗಳ ಸಮೂಹದಲ್ಲಿ ಕಾಗದದ ಮೇಲೆ 7.2 ಯೂನಿಟ್ ಇರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ದಿನವೂ ತಳದವರೆಗೆ ಬರಿದು ಮಾಡಿದರೆ ಅದು ಬೇಗ ಸಾಯುತ್ತದೆ. ಬಾಳಿಕೆ ಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅದು 3.6 ಯೂನಿಟ್. ಬಯಲಿನ ಒಳ್ಳೆಯ ರಸ್ತೆಯಲ್ಲಿ ಇಷ್ಟರಿಂದಲೇ ಸುಮಾರು 50 ಕಿಲೋಮೀಟರ್ ಹೋಗಬಹುದು. ಕರಪತ್ರದ ಮಾತು ಅಲ್ಲಿಗೆ ದೂರವೇನಲ್ಲ. ನಮ್ಮ ಗುಡ್ಡದಲ್ಲಾದರೋ ಮೂರೂವರೆ ಸುತ್ತು, ಅಂದರೆ 21 ಕಿಲೋಮೀಟರ್. ಕೆಲವು ವರ್ಷ ಕಳೆದು ಬ್ಯಾಟರಿಯ ಸಾಮರ್ಥ್ಯ ನೂರಕ್ಕೆ ಎಂಬತ್ತಕ್ಕೆ ಇಳಿದಾಗ ಮೂರು ಸುತ್ತೂ ಪೂರ್ತಿ ಆಗುವುದಿಲ್ಲ. ಆ ಮೂರನೆಯ ಸುತ್ತಿನಲ್ಲಿ ಯಾರು ಕುಳಿತಿರುತ್ತಾರೆ ಎಂಬುದೇ ಹಿರಿಯರ ಪ್ರಶ್ನೆಯ ಒಳದನಿ.

ಲಿಥಿಯಂ ಬ್ಯಾಟರಿಗಳಲ್ಲಿ ಕಬ್ಬಿಣ-ಫಾಸ್ಫೇಟ್ ಬಗೆಯದು ಇಂಥ ಗಾಡಿಗಳಿಗೆ ಹೊಂದುತ್ತದೆ. 51.2 ವೋಲ್ಟ್, 105 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಸುಮಾರು 5.4 ಯೂನಿಟ್ ಇರುತ್ತದೆ. ಕಾಗದದ ಮೇಲೆ ಇದು ಸೀಸದ್ದಕ್ಕಿಂತ ಕಡಿಮೆ. ಆದರೆ ಇದರಲ್ಲಿ ನೂರಕ್ಕೆ ಎಂಬತ್ತೈದನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದರಿಂದ ಕೈಗೆ ಸಿಗುವುದು 4.6 ಯೂನಿಟ್. ತೂಕವೂ ಕಡಿಮೆ. ಸೀಸದ ಸಮೂಹ ಸುಮಾರು 170 ಕಿಲೋ ತೂಗಿದರೆ ಇದು 50 ಕಿಲೋ ಆಸುಪಾಸು. ವ್ಯತ್ಯಾಸ ಇಬ್ಬರು ಪ್ರಯಾಣಿಕರ ತೂಕಕ್ಕೆ ಸಮ. ಹೊಸದರಲ್ಲಿ ನಾಲ್ಕು ಸುತ್ತು, ಹಳತಾದ ಮೇಲೂ ಮೂರು ಸುತ್ತು ಇದರಿಂದ ನಿಶ್ಚಿತ. ಬೆಲೆ ಹೆಚ್ಚು, ನಿಜ. ಆದರೆ ಚಾರ್ಜ್ ಮಾಡಿ ಬಳಸುವ ಆವರ್ತಗಳ ಎಣಿಕೆಯಲ್ಲಿ ಇದರ ಬಾಳಿಕೆ ಸೀಸದ್ದಕ್ಕಿಂತ ಹಲವು ಪಟ್ಟು. ಇಂದಿನ ಬೆಲೆಯನ್ನು ಮಾತ್ರ ನೋಡದೆ, ಒಂದೊಂದು ಸುತ್ತಿಗೆ ಬೀಳುವ ವೆಚ್ಚವನ್ನು ಹೋಲಿಸಿ ನೋಡಬೇಕೆಂದು ವಿನಂತಿಸುತ್ತೇನೆ.

ಏರಿನ ಚಿಂತೆ ಬ್ಯಾಟರಿಯದಾದರೆ ಇಳಿಜಾರಿನ ಚಿಂತೆ ಬ್ರೇಕಿನದು. ರೋಗಿಯನ್ನು ಕರೆತರುವುದು ಮೇಲಿನಿಂದ ಕೆಳಕ್ಕೆ. ಅದಕ್ಕೆ ಚಾರ್ಜ್ ಹೆಚ್ಚು ಬೇಡ, ಮಳೆಯಲ್ಲಿ ಹಿಡಿದು ನಿಲ್ಲಿಸುವ ಬ್ರೇಕು ಬೇಕು. ಇಳಿಯುವಾಗ ಮೋಟಾರೇ ಗಾಡಿಯನ್ನು ತಡೆಯುತ್ತ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ. ಮರಳುವುದು ಅಲ್ಪವೇ, ಬ್ರೇಕಿನ ಸವೆತ ತಪ್ಪುವುದೇ ದೊಡ್ಡ ಲಾಭ. ಆದರೆ ಬ್ಯಾಟರಿ ತುಂಬಿ ತುಳುಕುತ್ತಿದ್ದರೆ ಮರಳಿ ಬಂದದ್ದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಆದ್ದರಿಂದ ಚಾರ್ಜ್ ಮಾಡುವ ಸ್ಥಳ ಗುಡ್ಡದ ಬುಡದಲ್ಲಿರಲಿ, ನೆತ್ತಿಯಲ್ಲಿ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಸರಾಸರಿ ಏರು ಹದಿನೈದಕ್ಕೆ ಒಂದಾದರೂ, ಎರಡನೆಯ ತಿರುವಿನಲ್ಲಿ ಅದು ಆರಕ್ಕೆ ಒಂದರಷ್ಟು ಕಡಿದಾಗಿದೆ. ತುಂಬಿದ ಗಾಡಿ ಅಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಏರಬೇಕಾದರೆ 48 ವೋಲ್ಟಿನ ಬ್ಯಾಟರಿಯಿಂದ ಸುಮಾರು 145 ಆಂಪಿಯರ್ ಎಳೆಯುತ್ತದೆ. ಹೀಗೆ ರಭಸದಿಂದ ಎಳೆದಾಗ ಸೀಸದ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಕೊಡುವುದಿಲ್ಲ. ಮೋಟಾರೂ ಕಾಯುತ್ತದೆ. ಇದಕ್ಕೆ ಪರಿಹಾರವಾಗಿ ತಿರುವಿನ ದರೆಯನ್ನು ಜೆಸಿಬಿಯಿಂದ ಕಡಿದು ಏರನ್ನು ತಗ್ಗಿಸೋಣ ಎಂಬ ಸಲಹೆ ಬಂದಿದೆ. ಮಣ್ಣನ್ನು ಓದಿದವನಾಗಿ ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಆ ದರೆಯ ಜಂಬಿಟ್ಟಿಗೆಯ ಕೆಳಗೆ ಮೆದುವಾದ ಜೇಡಿಪದರವಿದೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಜಿನುಗುವುದನ್ನು ತಾವೆಲ್ಲ ಕಂಡಿದ್ದೀರಿ. ಪಾದ ಕಡಿದ ಗುಡ್ಡ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯಲ್ಲಿ ನಾಡು ನೋಡಿದೆ. ಹೊಗೆಯಿಲ್ಲದ ಗಾಡಿಗಾಗಿ ಗುಡ್ಡದ ಕಾಲು ಕಡಿದರೆ ನಾವು ಉಳಿಸಿದ್ದಾದರೂ ಏನನ್ನು?

ಅದೇ ತಿರುವನ್ನು ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಏರಿದರೆ ಎಳೆತ ಸುಮಾರು 85 ಆಂಪಿಯರಿಗೆ ಇಳಿಯುತ್ತದೆ. ಆರು ಜನರ ಬದಲು ನಾಲ್ವರು ಕುಳಿತರೆ ಇನ್ನೂ ಇಳಿಯುತ್ತದೆ. ದಾರಿಯನ್ನು ಗಾಡಿಗೆ ಹೊಂದಿಸುವ ಬದಲು ವೇಗವನ್ನೂ ಹೊರೆಯನ್ನೂ ದಾರಿಗೆ ಹೊಂದಿಸುವುದು ವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದನ್ನೇ.

ಮಹಾರಾಷ್ಟ್ರದ ಗಿರಿಧಾಮ ಮಾಥೇರಾನಿನ ಉದಾಹರಣೆ ನಮಗೆ ಪಾಠವಾಗಬೇಕು. 2003ರಲ್ಲಿ ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿತವಾದ ಆ ಊರಿನೊಳಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಮನುಷ್ಯರು ಕೈಯಿಂದ ಎಳೆಯುವ ರಿಕ್ಷಾ ಅಲ್ಲಿ ದೀರ್ಘಕಾಲ ಉಳಿದಿತ್ತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅನುಮತಿಯಿಂದ ಬ್ಯಾಟರಿ ರಿಕ್ಷಾಗಳ ಪ್ರಯೋಗ ನಡೆಯಿತು. 2025ರ ಆಗಸ್ಟ್‌ನಲ್ಲಿ ಕೈರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸುವಂತೆ ನ್ಯಾಯಾಲಯ ಆದೇಶಿಸಿತು. ಮನುಷ್ಯನ ಘನತೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಅಲ್ಲಿನ ಕೆಂಪು ಮಣ್ಣಿನ ದಾರಿಗೆ ಇಟ್ಟಿಗೆ ಹಾಸಬೇಕೇ, ಎಲ್ಲಿಯವರೆಗೆ ಹಾಸಬೇಕು ಎಂಬ ವಿವಾದವೂ ಅದೇ ನ್ಯಾಯಾಲಯದ ಮುಂದೆ ಬಂದಿತು. ಗಾಡಿ ಒಂಟಿಯಾಗಿ ಬರುವುದಿಲ್ಲ, ತನ್ನ ದಾರಿಯನ್ನೂ ಕೇಳುತ್ತ ಬರುತ್ತದೆ. ಎಲ್ಲಿಯವರೆಗೆ ಎಂಬ ಗೆರೆಯನ್ನು ಗಾಡಿ ಬರುವ ಮುನ್ನವೇ ನಾವು ಎಳೆಯಬೇಕು.

ಕಾನೂನಿನ ಮಾತೂ ಒಂದಿದೆ. ಗಾಲ್ಫ್ ಗಾಡಿ ಆವರಣದೊಳಗೆ ಓಡಿಸುವ ವಾಹನ. 1988ರ ಮೋಟಾರು ವಾಹನ ಕಾಯ್ದೆ ಕಾರ್ಖಾನೆ ಅಥವಾ ಸುತ್ತುವರಿದ ಆವರಣದಲ್ಲಿ ಮಾತ್ರ ಬಳಸುವ ವಿಶೇಷ ಬಗೆಯ ವಾಹನಗಳನ್ನು ಹೊರಗಿಟ್ಟಿದೆ. ನಮ್ಮದು ಪಂಚಾಯಿತಿಯ ರಸ್ತೆ. ಇಲ್ಲಿ ಪ್ರಯಾಣಿಕರನ್ನು ಒಯ್ಯಲು ನೋಂದಣಿಯೂ ವಿಮೆಯೂ ಆಗಬಲ್ಲ ವಾಹನ ಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು ಸಾರಿಗೆ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯೋಣ. ಗಾಲ್ಫ್ ಗಾಡಿಯ ಬದಲು ನೋಂದಾಯಿತ ಮೂರು ಅಥವಾ ನಾಲ್ಕು ಚಕ್ರದ ಬ್ಯಾಟರಿ ವಾಹನವನ್ನೇ ಆರಿಸಬೇಕಾಗಬಹುದು. ಅಂಕಿಗಳು ಬದಲಾದರೂ ಲೆಕ್ಕದ ಕ್ರಮ ಇದೇ.

ಸತ್ತ ಬ್ಯಾಟರಿಯನ್ನೂ ಮರೆಯಬಾರದು. ಸೀಸವೂ ಆಮ್ಲವೂ ಅಬ್ಬಿಯ ನೀರಿಗೆ ಸೇರಿದರೆ ಅದು ಕೆಳಗಿನ ಎಲ್ಲ ಮನೆಗಳ ಕೊಡಕ್ಕೆ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಮರಳಿ ಒಯ್ಯುವ ಭರವಸೆಯನ್ನು ಖರೀದಿ ಪತ್ರದಲ್ಲೇ ಬರೆಸಿಕೊಳ್ಳಬೇಕು. ಗುಜರಿಯವನ ಕೈಗೆ ಕೊಡಕೂಡದು.

ಮಿತ್ರರೇ, ನನ್ನ ಸಲಹೆಗಳು ಇಷ್ಟು. ವಿದ್ಯಾರ್ಥಿಗಳು ಬರುವ ಎರಡು ಭಾನುವಾರಗಳಲ್ಲಿ ಈ ದಾರಿಯನ್ನು ಅಳೆಯಲಿ. ಸಮಪಾತಳಿ ಬದು ಹಾಕುವಾಗ ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಪ್ರತಿ ತಿರುವಿನ ಏರನ್ನು ಬರೆದಿಡಲಿ. ನಾನು ಹೇಳಿದ 200 ಮೀಟರ್ ಭೂಪಟದ ಅಂದಾಜು, ಅಳತೆ ಅದನ್ನು ತಿದ್ದಲಿ. ಅನಂತರ ಮಾರಾಟಗಾರರು ತಮ್ಮ ಗಾಡಿಯನ್ನು ಇಲ್ಲಿಗೇ ತರಲಿ. ಅದರಲ್ಲಿ ನಾಲ್ಕು ಜನರ ತೂಕದ ಮರಳು ಮೂಟೆ ಹೇರಿ, ಮಳೆ ಬಿದ್ದ ಮರುದಿನ, ಮೂರು ಸುತ್ತು ಓಡಿಸಿ ನೋಡೋಣ. ಎರಡನೆಯ ತಿರುವಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸೋಣ. ಮೂರು ಸುತ್ತಿನ ಬಳಿಕ ಬ್ಯಾಟರಿಯಲ್ಲಿ ಇನ್ನೊಂದು ಸುತ್ತಿಗೆ ಆಗುವಷ್ಟು ಉಳಿದರೆ ಮಾತ್ರ ಆ ಗಾಡಿ ನಮ್ಮದು.

ಕೊನೆಯದಾಗಿ ಒಂದು ನಿಯಮವನ್ನು ಇಂದೇ ಬರೆದಿಡಬೇಕೆಂದು ಕೋರುತ್ತೇನೆ. ದಿನದ ಸುತ್ತುಗಳಲ್ಲಿ ಒಂದು ಮೇಲಿನ ಮಜರೆಯ ಕಾಯಿಲೆ ಕಸಾಲೆಗೆ ಮೀಸಲು. ಪ್ರವಾಸಿಗಳು ಎಷ್ಟೇ ಹಣ ಕೊಟ್ಟರೂ ಆ ಸುತ್ತನ್ನು ಮಾರಕೂಡದು. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದಾಗಲೂ ಆ ಒಂದು ಯೂನಿಟ್ ಬ್ಯಾಟರಿಯಲ್ಲಿ ಉಳಿದಿರಬೇಕು. ಸಂಜೆ ಗಾಡಿ ನಿಲ್ಲಿಸುವವರು ಉಳಿದ ಚಾರ್ಜನ್ನು ಹಲಗೆಯ ಮೇಲೆ ಬರೆಯಲಿ. ಯಾರು ಬೇಕಾದರೂ ಓದುವಂತಿರಲಿ. ಈ ನಿಯಮಕ್ಕೆ ಸಭೆ ಒಪ್ಪಿಗೆ ಕೊಟ್ಟರೆ ಅಳತೆಯ ಕೆಲಸವನ್ನು ಬರುವ ಭಾನುವಾರವೇ ಆರಂಭಿಸೋಣ.