ಮೆಚ್ಚದ ಸಂಗೀತದ ವಿಮರ್ಶೆ: ಬೆಳಗಾವಿ ಸೀಮೆಯ ಕೆಲವು ಪ್ರಸಂಗಗಳು

ತಾನು ಮೆಚ್ಚದ ಸಂಗೀತ ಪ್ರಕಾರದ ಬಗ್ಗೆ ವಿಮರ್ಶಕ ನ್ಯಾಯವಾಗಿ ಬರೆಯಬಲ್ಲನೇ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಸಂಗೀತ ವಿಮರ್ಶೆ ಶುರುವಾದಂದಿನಿಂದ ಇದೆ. ಒಂದೇ ಬಗೆಯ ಸಂಗೀತ ನಡೆಯುವ ಊರಿನಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ. ಬೆಳಗಾವಿಯಂಥ ಊರಿನಲ್ಲಿ ಅದನ್ನು ತಪ್ಪಿಸಿಕೊಳ್ಳಲಾಗದು. ನಗರದ ಸಭಾಂಗಣಗಳಲ್ಲಿ ಖಯಾಲ್, ಮರಾಠಿ ನಾಟ್ಯಗೀತೆ, ಕನ್ನಡದ ವಚನ ಗಾಯನ, ಭಾವಗೀತೆ ಎಲ್ಲವೂ ನಡೆಯುತ್ತವೆ. ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ, ಜಾಂಬೋಟಿ, ಕಣಕುಂಬಿ ಕಡೆಯ ಮರಾಠಿ ಹಳ್ಳಿಗಳಲ್ಲಿ ವಾರಕರಿ ಭಜನೆ. ಪೂರ್ವಕ್ಕೆ, ಬೀಡಿ, ಇಟಗಿ ಕಡೆಯ ಕನ್ನಡ ಹಳ್ಳಿಗಳಲ್ಲಿ ತತ್ವಪದ, ಲಾವಣಿ, ಸಣ್ಣಾಟ. ಸವದತ್ತಿಯ ದಾರಿ ಹಿಡಿದರೆ ಜೋಗತಿಯರ ಚೌಡಕಿ ಪದ. ಕನ್ನಡದಲ್ಲೂ ಮರಾಠಿಯಲ್ಲೂ ಪತ್ರಿಕೆ ಓದುವ ಈ ಸೀಮೆಯಲ್ಲಿ ಕಛೇರಿಯ ವರದಿ ಬರೆದವನೇ ಮುಂದಿನ ವಾರ ಭಜನಾ ಸ್ಪರ್ಧೆಯ ವರದಿಯನ್ನೂ ಬರೆಯಬೇಕಾಗುತ್ತದೆ. ಎಲ್ಲವನ್ನೂ ಒಂದೇ ಸಮನೆ ಪ್ರೀತಿಸುವ ಕಿವಿ ಯಾರಿಗೂ ಇರುವುದಿಲ್ಲ.

ಮೆಚ್ಚುಗೆ ಎಂದು ಕರೆಯುವುದರಲ್ಲಿ ರುಚಿಯೂ ಇದೆ, ಪರಿಚಯವೂ ಇದೆ. ರುಚಿ ಬೆಳೆದ ಮನೆಯಿಂದ, ಕಲಿಸಿದ ಗುರುವಿನಿಂದ, ಆಡುವ ಭಾಷೆಯಿಂದ ಬರುವಂಥದು. ಅದನ್ನು ಬಲವಂತದಿಂದ ತಂದುಕೊಳ್ಳಲಾಗದು. ಪರಿಚಯವನ್ನು ಮಾತ್ರ ದುಡಿದು ಗಳಿಸಬಹುದು. ಒಂದು ಪ್ರಕಾರ ಹಾಡುವವನಿಂದ ಏನನ್ನು ಕೇಳುತ್ತದೆ, ಅದರ ಕೇಳುಗರು ಏನನ್ನು ಬಯಸಿ ಬಂದು ಕೂರುತ್ತಾರೆ, ಅದರೊಳಗೆ ಒಳ್ಳೆಯದೆಂದರೆ ಯಾವುದು, ಕಳಪೆಯೆಂದರೆ ಯಾವುದು ಎಂಬುದು ತಿಳಿದಿದ್ದರೆ ಒಲವಿಲ್ಲದಿದ್ದರೂ ಆ ದಿನದ ಪ್ರದರ್ಶನವನ್ನು ಸರಿಯಾಗಿ ತೂಗಬಹುದು. ಪ್ರದರ್ಶನವನ್ನು ಬಿಟ್ಟು ಪ್ರಕಾರಕ್ಕೇ ತೀರ್ಪು ಕೊಡಲು ಹೊರಟಾಗ ಅನ್ಯಾಯ ಶುರುವಾಗುತ್ತದೆ. ಈ ಸೀಮೆಗೆ ನೇರವಾಗಿ ತಟ್ಟಿದ ದೊಡ್ಡ ಉದಾಹರಣೆ ಹಾರ್ಮೋನಿಯಂ, ಅಂದರೆ ಇಲ್ಲಿಯವರ ಪೇಟಿ.

1940ರ ಮಾರ್ಚ್ 1ರಿಂದ ಆಕಾಶವಾಣಿ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಂ ನುಡಿಸುವುದನ್ನು ನಿಲ್ಲಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್. ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಅದಕ್ಕೂ ಮೊದಲೇ ಈ ವಾದ್ಯದ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರೂ ಆನಂದ ಕುಮಾರಸ್ವಾಮಿಯವರೂ ಪೇಟಿಯನ್ನು ಒಪ್ಪಿದವರಲ್ಲ. ಆಕ್ಷೇಪಗಳು ಹುರುಳಿಲ್ಲದವಲ್ಲ. ಪೇಟಿಯ ಸಪ್ತಕದಲ್ಲಿ ಹನ್ನೆರಡು ಸ್ವರಗಳು ಸಮಾನ ಅಂತರದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ರಾಗಕ್ಕೆ ಬೇಕಾದ ಸೂಕ್ಷ್ಮ ಶ್ರುತಿಗೆ ಅಲ್ಲಿ ಎಡೆಯಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ. ವಾದ್ಯದ ವರ್ಣನೆಯಾಗಿ ಇವೆಲ್ಲ ನಿಜ. ಆದರೆ ಈ ವರ್ಣನೆಯಿಂದ ಹೊರಟವರು, ಪೇಟಿಯೊಂದಿಗೆ ಹಾಡಿದ ಸಂಗೀತ ಕೆಟ್ಟದ್ದೆಂಬ ತೀರ್ಮಾನಕ್ಕೆ ಒಂದೇ ನೆಗೆತದಲ್ಲಿ ಬಂದುಬಿಟ್ಟರು. ವಾದ್ಯ ಮಾಡಲಾಗದ್ದನ್ನು ಎಣಿಸಿದವರು, ಒಳ್ಳೆಯ ವಾದಕ ಅದರಿಂದ ಏನು ಮಾಡಿಸುತ್ತಾನೆ ಎಂದು ಕುಳಿತು ಕೇಳಲಿಲ್ಲ.

ದರ್ಬಾರಿ ಕಾನಡಾದ ಪ್ರಸಂಗ ನೋಡಬಹುದು. ಅದರ ಕೋಮಲ ಗಾಂಧಾರ ಓಲಾಡುತ್ತ, ಪೇಟಿಯ ಪಟ್ಟಿಗೆ ಸಿಗದ ಜಾಗದಲ್ಲಿ ನಿಲ್ಲುತ್ತದೆ. ಕಲಿಯದ ವಾದಕ ಅಲ್ಲಿ ಗಾಂಧಾರದ ಪಟ್ಟಿಯನ್ನೇ ಒತ್ತಿ ಹಿಡಿಯುತ್ತಾನೆ, ಗಾಯಕನ ಓಲಾಟಕ್ಕೂ ಪೇಟಿಯ ಬಿಗಿ ಸ್ವರಕ್ಕೂ ತಿಕ್ಕಾಟವಾಗುತ್ತದೆ. ಬಲ್ಲವನು ತಿದಿಯ ಗಾಳಿಯನ್ನು ಸಣ್ಣದು ಮಾಡಿ, ಗಾಂಧಾರವನ್ನು ಸೋಕಿಯೂ ಸೋಕದಂತೆ ಬಿಟ್ಟು, ರಿಷಭದಲ್ಲಿ ಕಾದಿರುತ್ತಾನೆ. ಇಲ್ಲವೇ ಗಾಯಕ ಷಡ್ಜಕ್ಕೆ ಬರುವತನಕ ಸುಮ್ಮನಿರುತ್ತಾನೆ. ಯಾವಾಗ ನುಡಿಸಬಾರದು ಎಂಬ ಈ ವಿವೇಕವೇ ಪೇಟಿಯ ಸಾಥಿಯಲ್ಲಿ ಅಳೆಯಬೇಕಾದ ಗುಣ. ಶ್ರುತಿಶಾಸ್ತ್ರವನ್ನಷ್ಟೇ ಹಿಡಿದು ಬಂದವನಿಗೆ ಅದು ಕೇಳಿಸುವುದೇ ಇಲ್ಲ, ಏಕೆಂದರೆ ಅವನು ತೀರ್ಪನ್ನು ಮೊದಲೇ ಬರೆದುಕೊಂಡಿರುತ್ತಾನೆ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದಾಗ ಈ ನಿಷೇಧ ಜಾರಿಯಲ್ಲೇ ಇತ್ತು. ಅದು ಸಡಿಲಾದದ್ದು 1970ರ ದಶಕದ ಆರಂಭದಲ್ಲಿ, ಅದೂ ಭಾಗಶಃ. ಅಂದರೆ ಕಛೇರಿಗಳಲ್ಲಿ, ನಾಟಕ ಕಂಪನಿಗಳಲ್ಲಿ, ಭಜನೆಯ ಕಟ್ಟೆಗಳಲ್ಲಿ ಎಲ್ಲೆಲ್ಲೂ ಪೇಟಿ ಕೇಳುತ್ತಿದ್ದ ಈ ನಾಡಿನ ಶಾಸ್ತ್ರೀಯ ಸಂಗೀತ ಸುಮಾರು ಎರಡು ದಶಕ ಕಾಲ ರೇಡಿಯೊದಲ್ಲಿ ಪೇಟಿಯಿಲ್ಲದೆ ಕೇಳಿಬಂತು. ಅದೇ ವರ್ಷಗಳಲ್ಲಿ ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆ (1917–2010) ಪೇಟಿಯನ್ನೇ ಬಾಳಿನ ಕಸುಬಾಗಿ ಮಾಡಿಕೊಂಡಿದ್ದರು. ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆ ನಿಂತು, ಸಂಗೀತ ಶಾಲೆ ನಡೆಸಿ, ಹಲವು ತಲೆಮಾರಿನ ಗಾಯಕರಿಗೆ ಸಾಥಿ ನೀಡಿದವರು ಅವರು. ಗಾಯನವನ್ನೂ ಕಲಿತು, ಹಾಡುವವರ ಉಸಿರು ಬಲ್ಲವರಷ್ಟೇ ಹಾಗೆ ನುಡಿಸಬಲ್ಲರು. ಅವರ ಶಿಷ್ಯರ ಮೂಲಕ ಪೇಟಿ ಈ ಭಾಗದಲ್ಲಿ ತನಿವಾದ್ಯವಾಗಿಯೂ ಬೆಳೆಯಿತು. ನಿಷೇಧಿಸಿದವರ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಕಲಿತವರೂ ಇದೇ ಬಗೆಯ ತೀರ್ಪಿಗೆ ಬೀಳಬಹುದು. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಂಡ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ತಿಳಿವಳಿಕೆ ಇದ್ದವರೇ. ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿತು. ಕೇಳುಗರು ರೇಡಿಯೊ ಸಿಲೋನಿನತ್ತ ತಿರುಗಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರುವಾಗಬೇಕಾಯಿತು.

ಒಂದೇ ಪ್ರಕಾರದ ಒಳಗೂ ಈ ಪ್ರಶ್ನೆ ಇದೆ. ಹಿಂದೂಸ್ತಾನಿ ಗಾಯನದ ಘರಾಣೆಗಳ ಬಗ್ಗೆ ವಾಮನರಾವ ದೇಶಪಾಂಡೆ 1961ರಲ್ಲಿ ಮರಾಠಿಯಲ್ಲಿ ಬರೆದ ‘ಘರಂದಾಜ ಗಾಯಕಿ’ ಈ ದೃಷ್ಟಿಯಿಂದ ಓದಬೇಕಾದ ಪುಸ್ತಕ. ಅವರು ಘರಾಣೆಗಳನ್ನು ಸ್ವರ ಮತ್ತು ಲಯದ ನಡುವಿನ ಒಂದು ರೇಖೆಯ ಮೇಲೆ ಇಟ್ಟರು: ಸ್ವರದ ಕೊನೆಗೆ ಕಿರಾಣಾ, ಲಯದ ಕಡೆಗೆ ಆಗ್ರಾ, ಎರಡೂ ಹದವಾಗಿ ಬೆರೆತ ಜಾಗದಲ್ಲಿ ಜೈಪುರ. ದೇಶಪಾಂಡೆ ಜೈಪುರ ಗಾಯಕಿಯನ್ನು ಕಲಿತವರು. ಆದ್ದರಿಂದ ಅಳತೆಗೋಲು ಕೈಯಲ್ಲಿ ಹಿಡಿದವನ ಊರಿನಿಂದಲೇ ಬಂದದ್ದು ಎಂಬ ಆಕ್ಷೇಪ ಸಹಜ. ಅದರಲ್ಲಿ ಸತ್ಯವಿದೆ. ಆದರೆ ಆ ಪುಸ್ತಕದಲ್ಲಿ ಅಳತೆಗೋಲು ಮುಚ್ಚಿಟ್ಟದ್ದಲ್ಲ. ಸ್ವರ ಲಯಗಳ ಸಮತೋಲವೇ ಯಾಕೆ ಮುಖ್ಯ ಎಂದು ವಾದ ಕಟ್ಟಿ ತೋರಿಸಿರುವುದರಿಂದ, ಕಿರಾಣಾ ಪ್ರೀತಿಸುವ ಓದುಗ ಆ ವಾದವನ್ನು ತಿರುಗಿಸಿ, ಒಂದು ಸ್ವರದಲ್ಲಿ ಮುಳುಗುವುದೇ ಹಿರಿದೆಂದು ಉತ್ತರ ಹೇಳಬಹುದು. ಓದುಗನಿಗೆ ಉತ್ತರ ಕೊಡಲು ಜಾಗ ಬಿಟ್ಟ ಪಕ್ಷಪಾತ, ನಿಷ್ಪಕ್ಷದ ಹೆಸರಿನಲ್ಲಿ ಬರುವ ಪಕ್ಷಪಾತಕ್ಕಿಂತ ಎಷ್ಟೋ ಮೇಲು.

ದೇಶಪಾಂಡೆಯವರ ಅಳತೆಗೋಲಿಗೆ ಸವಾಲಾಗಿ ನಿಂತವರು ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ. ಬಾಲ್ಯದಲ್ಲೇ ಹೆಸರು ಮಾಡಿ, ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತು, ಕ್ಷಯದಿಂದ ಹಾಸಿಗೆ ಹಿಡಿದು, ದೇವಾಸದಲ್ಲಿ ಚೇತರಿಸಿಕೊಂಡು ಮತ್ತೆ ಹಾಡತೊಡಗಿದ ಅವರು ಯಾವ ಘರಾಣೆಗೂ ಸೇರದೆ ಉಳಿದರು. ಮಾಳವದ ಹಳ್ಳಿಯ ಧಾಟಿಗಳಿಂದ ರಾಗ ಕಟ್ಟಿದರು, ಕಬೀರನ ನಿರ್ಗುಣ ಪದಗಳನ್ನು ಕಛೇರಿಗೆ ತಂದರು. ಘರಾಣೆಯ ಕಿವಿಗೆ ಅವರ ಗಾಯನ ತುಂಡುತುಂಡಾಗಿ ಕೇಳಿಸಿತು. ಬಢತ್ ಇಲ್ಲ, ಕ್ರಮವಿಲ್ಲ, ಉಸಿರಿನ ಕೊರತೆಯನ್ನೇ ಶೈಲಿ ಮಾಡಿಕೊಂಡಿದ್ದಾರೆ ಎಂಬ ಮಾತುಗಳು ಬಂದವು. ಮೆಲ್ಲಗೆ ಒಂದೊಂದೇ ಸ್ವರ ಸೇರಿಸುತ್ತ ಏರುವುದನ್ನು ನಿರೀಕ್ಷಿಸಿ ಬಂದವರಿಗೆ, ರಾಗದ ಚಿತ್ರ ಒಮ್ಮೆಲೇ ಮಿಂಚಿ ಮರೆಯಾಗುವ ಬಗೆ ಕೊರತೆಯಾಗಿಯೇ ಕಂಡಿತು. ಅವರ ಅಭಿಮಾನಿಗಳೂ ನ್ಯಾಯ ಮಾಡಿದರೆನ್ನಲಾಗದು. ಕುಮಾರರು ಮಾಡಿದ್ದೆಲ್ಲ ಕ್ರಾಂತಿ ಎಂದು ಹೊಗಳಿದವರಿಂದ, ಯಾವ ದಿನದ ಗಾಯನ ಚೆನ್ನಾಗಿತ್ತು, ಯಾವ ದಿನ ಸೋತಿತು ಎಂಬುದು ತಿಳಿಯುವುದಿಲ್ಲ. ಜೈಪುರದ ಒಲವಿನ ದೇಶಪಾಂಡೆ ಕುಮಾರರನ್ನು ಹತ್ತಿರದಿಂದ ಕೇಳಿದರು, ಅವರ ಬಗ್ಗೆ ಬರೆದರು. ಅವರ ಮಗ ಸತ್ಯಶೀಲ ಕುಮಾರರ ಶಿಷ್ಯರೇ ಆದರು. ಒಲವು ಒಂದು ಕಡೆ ಇದ್ದರೂ ಕಿವಿ ತೆರೆದಿರಬಹುದೆಂಬುದಕ್ಕೆ ಆ ಮನೆಯೇ ಸಾಕ್ಷಿ.

ಹೊರನಾಡುಗಳಲ್ಲೂ ಇಂಥ ಪ್ರಸಂಗಗಳು ಸಿಗುತ್ತವೆ. ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್‌ಸ್ಲಿಕ್ ವಾಗ್ನರನ ಸಂಗೀತವನ್ನು ದಶಕಗಳ ಕಾಲ ವಿರೋಧಿಸಿದ. ಆದರೆ ಸ್ವರಲಿಪಿಯನ್ನು ಓದಿ, ಎಲ್ಲಿ ಏನಾಗುತ್ತದೆಂದು ವಿವರಿಸಿಯೇ ವಿರೋಧಿಸುತ್ತಿದ್ದ. ಹಾಗಾಗಿ ವಾಗ್ನರನನ್ನು ಪ್ರೀತಿಸುವವರೂ ಆ ಬರಹಗಳನ್ನು ಇಂದಿಗೂ ಓದುತ್ತಾರೆ. ಇಂಗ್ಲಿಷ್ ಕವಿ ಫಿಲಿಪ್ ಲಾರ್ಕಿನ್ 1961ರಿಂದ ಹತ್ತು ವರ್ಷ ಡೈಲಿ ಟೆಲಿಗ್ರಾಫಿನಲ್ಲಿ ಜಾಜ್ ಧ್ವನಿಮುದ್ರಿಕೆಗಳ ಬಗ್ಗೆ ಬರೆದ. ಪಾರ್ಕರ್, ಕೋಲ್ಟ್ರೇನ್‌ರ ಹೊಸ ಜಾಜ್ ತನಗೆ ಹಿಡಿಸುತ್ತಿರಲಿಲ್ಲವೆಂದು 1970ರಲ್ಲಿ ಬಂದ ಸಂಕಲನದ ಮುನ್ನುಡಿಯಲ್ಲಿ ಬಿಚ್ಚಿ ಹೇಳಿದ. ಮೊದಮೊದಲ ಬರಹಗಳಲ್ಲಿ ಅದನ್ನು ಅದುಮಿ ಸೌಜನ್ಯದಿಂದ ಬರೆದಿದ್ದ. ಆ ಸೌಜನ್ಯದಿಂದ ಓದುಗರಿಗೆ ಏನೂ ಸಿಗಲಿಲ್ಲ. ಮುನ್ನುಡಿ ಬಂದ ಮೇಲೆ ಅವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಅವರಿಗೆ ತಿಳಿಯಿತು.

ಬೆಳಗಾವಿ ಸೀಮೆಯಲ್ಲಿ ಹೆಚ್ಚು ಅನ್ಯಾಯಕ್ಕೆ ಒಳಗಾದದ್ದು ಹಳ್ಳಿಯ ಪ್ರಕಾರಗಳು. ಇಲ್ಲಿ ಕಛೇರಿಯ ಭಾಷೆಯೇ ವಿಮರ್ಶೆಯ ಭಾಷೆಯಾಗಿದೆ. ಹರದೇಶಿ–ನಾಗೇಶಿ ಲಾವಣಿಯ ವಾದದ ರಾತ್ರಿಗೆ ಹೋದ ಖಯಾಲ್ ಪ್ರೇಮಿ, ರಾಗಶುದ್ಧಿ ಇರಲಿಲ್ಲ, ಕಂಠ ಒರಟು ಎಂದು ಬರೆದರೆ ಅದು ಸುಳ್ಳಾಗುವುದಿಲ್ಲ. ಆದರೆ ಆ ರಾತ್ರಿಗೆ ಸಂಬಂಧವೂ ಇಲ್ಲ. ಒಂದು ಮೇಳ ಗಂಡಿನ ಪಕ್ಷ ಹಿಡಿದರೆ ಇನ್ನೊಂದು ಹೆಣ್ಣಿನ ಪಕ್ಷ ಹಿಡಿದು, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಪುರಾಣ ಎಳೆದು ತಂದು ಜಗಳ ಕಟ್ಟುತ್ತವೆ. ಎದುರಾಳಿ ಹಾಕಿದ ಸವಾಲಿಗೆ ಉತ್ತರ ಸಿಕ್ಕಿತೇ, ಹಾರಿಸಿಬಿಟ್ಟರೇ ಎಂದು ಜನ ಕಾಯುತ್ತಾರೆ. ಹಾಡಿಗೆ ಪಲ್ಲ, ನುಡಿ, ಚಾಲ, ಏರು, ಇಳುವು ಎಂದು ಅದರದೇ ಕಟ್ಟುನಿಟ್ಟಿನ ಮೈಕಟ್ಟಿದೆ. ಏರಿನಲ್ಲಿ ದಪ್ಪಿನ ಪೆಟ್ಟಿಗೂ ಮಾತಿನ ಪ್ರಾಸಕ್ಕೂ ಎಡವಟ್ಟಾದರೆ ಮುಂದಿನ ಸಾಲಿನಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಹಿಮ್ಮೇಳ ಗೀಗೀ ಎಂದು ಎತ್ತಿಕೊಳ್ಳುವಾಗ ಒಂದು ಮಾತ್ರೆ ತಡವಾದರೆ ಹಾಡಿನ ಕಾವು ಇಳಿಯುತ್ತದೆ. ಇವನ್ನು ಬಲ್ಲ ವರದಿಗಾರ, ಲಾವಣಿ ಇಷ್ಟವಿಲ್ಲದಿದ್ದರೂ, ಆ ರಾತ್ರಿ ಯಾವ ಮೇಳ ಗೆದ್ದಿತು, ಯಾಕೆ ಗೆದ್ದಿತು ಎಂದು ಬರೆಯಬಲ್ಲ. ಸಣ್ಣಾಟದ ಮಾತೂ ಹೀಗೆಯೇ. ಬೈಲಹೊಂಗಲ ಕಡೆಯ ‘ಸಂಗ್ಯಾ ಬಾಳ್ಯಾ’ದಂಥ ಆಟದಲ್ಲಿ ಏರುದನಿ ಬೆಳೆದದ್ದು ಬಯಲಿನಲ್ಲಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಬೆಳಗಿನತನಕ ಕೊನೆಯ ಸಾಲಿಗೂ ಮುಟ್ಟಬೇಕಿದ್ದ ಮಾತಿಗಾಗಿ. ಅದನ್ನು ಸಭಾಂಗಣದ ಕಿವಿಯಿಂದ ಅಳೆದರೆ ಚೀರಾಟವೆನಿಸುತ್ತದೆ.

ಖಾನಾಪುರದ ಭಜನೆಗಳಲ್ಲಿ ತೊಡಕು ಇನ್ನೂ ಆಳದ್ದು. ವಾರಕರಿ ಭಜನೆಗೆ ಒಂದು ಕ್ರಮವಿದೆ: ಮೊದಲು ವಿಠ್ಠಲನ ರೂಪದ ಅಭಂಗ, ಮುಂದೆ ಗೌಳಣ, ಕೊನೆಗೆ ಭೈರವಿ. ತತ್ವಪದದ ಭಜನೆಗೆ ಏಕತಾರಿ, ದಮ್ಮಡಿ, ತಾಳ, ಕೂತವರೆಲ್ಲರ ದನಿ. ಇಲ್ಲಿ ಹಾಡುವವರು, ಕೇಳುವವರು ಎಂಬ ಗೆರೆಯೇ ತೆಳು. ಹೊಲದ ಕೆಲಸ ಮುಗಿಸಿ ಬಂದವರು ದೇವರ ಮುಂದೆ ಕೂತು ಹಾಡುವುದನ್ನು ಪ್ರದರ್ಶನವೆಂದು ವಿಮರ್ಶಿಸುವುದು ಸಲ್ಲ. ಅದೇ ಮಂಡಳಿ ಬಹುಮಾನದ ಸ್ಪರ್ಧೆಗೆ ವೇದಿಕೆ ಹತ್ತಿದರೆ ವಿಮರ್ಶೆಗೆ ದಾರಿಯಿದೆ. ಆಗಲೂ ಅಭಂಗದ ಮಾತು ಸ್ಪಷ್ಟವಾಗಿತ್ತೇ, ಟಾಳ ಪಖವಾಜುಗಳ ಓಟದಲ್ಲಿ ಎಲ್ಲರೂ ಒಟ್ಟಿಗಿದ್ದರೇ ಎಂಬುದೇ ಮೊದಲ ಪ್ರಶ್ನೆ. ನಿರ್ಣಾಯಕರು ಹೆಚ್ಚಾಗಿ ಶಾಸ್ತ್ರೀಯ ಸಂಗೀತದವರೇ ಆಗಿರುವುದರಿಂದ ತಾನ್ ಹಾಕುವ ಮಂಡಳಿಗೆ ಬಹುಮಾನ ಹೋಗುವುದುಂಟು. ಬಹುಮಾನಕ್ಕಾಗಿ ಊರ ಮಂಡಳಿಗಳೂ ತಾನ್ ಕಲಿಯುತ್ತವೆ. ವಿಮರ್ಶೆಯ ತಪ್ಪು ಅಳತೆಗೋಲು ಹೀಗೆ ಸಂಗೀತವನ್ನೇ ಬದಲಿಸಿಬಿಡುತ್ತದೆ, ಮತ್ತು ಇದು ಅನ್ಯಾಯದ ತೀರ ಗಂಭೀರ ಪರಿಣಾಮ.

ಈ ಊರಿನಲ್ಲಿ ಸಂಗೀತದ ರುಚಿಗೆ ಭಾಷೆಯ ನಿಷ್ಠೆಯೂ ಅಂಟಿಕೊಳ್ಳುತ್ತದೆ. ನಾಟ್ಯಗೀತೆ ಮರಾಠಿಯವರದು, ವಚನ ಗಾಯನ ಕನ್ನಡದವರದು ಎಂದು ಕೇಳುವ ಮೊದಲೇ ಕಿವಿ ಮುಚ್ಚಿಕೊಳ್ಳುವುದುಂಟು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ನಾಟಕಗಳ ಹಾಡುಗಳಲ್ಲಿ ಕನ್ನಡದ ಧಾಟಿಗಳಿವೆ. ಕನ್ನಡದ ಕಂಪನಿ ನಾಟಕದಿಂದ ಬಂದ ಮಲ್ಲಿಕಾರ್ಜುನ ಮನ್ಸೂರರು ಗ್ವಾಲಿಯರ್ ಗಾಯಕಿಯನ್ನೂ ಮುಂದೆ ಜೈಪುರ ಗಾಯಕಿಯನ್ನೂ ಕಲಿತು, ವಚನಗಳನ್ನೂ ಹಾಡಿದರು. ಭಾಷೆಯ ಗಡಿಯನ್ನು ಸಂಗೀತಗಾರರೇ ಹೀಗೆ ದಾಟಿರುವಾಗ ವಿಮರ್ಶಕ ಅದನ್ನು ಕಾಯುತ್ತ ನಿಲ್ಲುವುದಕ್ಕೆ ಕಾರಣವಿಲ್ಲ.

ಪತ್ರಿಕೆಗಳಿಗೆ ಇದರಲ್ಲಿ ಮಾಡಬೇಕಾದ ಕೆಲಸವಿದೆ. ಭಜನೆಗೆ, ಸಣ್ಣಾಟಕ್ಕೆ, ಚೌಡಕಿಗೆ ಅದನ್ನು ಬಲ್ಲವರನ್ನು ಕಳಿಸಬೇಕು. ಅವರು ಅದರ ಭಕ್ತರೇ ಆಗಬೇಕೆಂದಿಲ್ಲ. ಬಲ್ಲವರು ಸಿಗದ ದಿನ ವಿಮರ್ಶೆ ಎಂಬ ತಲೆಬರಹ ಬಿಟ್ಟು, ಯಾರು ಹಾಡಿದರು, ಏನು ಹಾಡಿದರು, ಎಷ್ಟು ಹೊತ್ತು ಹಾಡಿದರು, ಜನ ಎಲ್ಲಿ ಮೆಚ್ಚಿದರು, ಎಲ್ಲಿ ಎದ್ದು ಹೋದರು ಎಂಬ ವರದಿ ಕೊಟ್ಟರೆ ಸಾಕು. ಪ್ರಕಾರವೇ ಹಿಡಿಸದವನು ಅದನ್ನು ಒಂದು ಸಾಲಿನಲ್ಲಿ ಹೇಳಿಕೊಂಡು, ಅದೇ ಪ್ರಕಾರದ ಒಳ್ಳೆಯ ಹಾಡುಗಾರಿಕೆಯ ಜೊತೆಗಿಟ್ಟು ಅಂದಿನದನ್ನು ತೂಗಬಹುದು. ಆ ಹೋಲಿಕೆಗೆ ಬೇಕಾದಷ್ಟು ಕೇಳದವನು ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಸರಿ.