ಹಿತ್ತಲ ಓಣಿಗೆ ಬೆಲೆ ಕಟ್ಟುವುದು ಹೇಗೆ?



ಮೆಲ್ಬರ್ನಿನ ಫಿಟ್ಜ್‌ರಾಯ್, ಕಾರ್ಲ್‌ಟನ್, ಸಿಡ್ನಿಯ ಪ್ಯಾಡಿಂಗ್‌ಟನ್ ಮುಂತಾದ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇಕ್ಕಟ್ಟಾದ ಓಣಿಗಳಿರುವುದನ್ನು ನಾವು ಕಂಡಿದ್ದೇವೆ. ಒಳಚರಂಡಿ ಬರುವ ಮೊದಲು ಮಲದ ಡಬ್ಬಗಳನ್ನು ಸಾಗಿಸುತ್ತಿದ್ದುದು ಇಂತಹ ಓಣಿಗಳಲ್ಲೇ. ವೈದ್ಯರಾದ ನಮಗೆ ಇವು ಟೈಫಾಯಿಡ್ ಕಾಲವನ್ನು ನೆನಪಿಸುತ್ತವೆ. ಮೆಲ್ಬರ್ನಿನ ಮನೆಗಳಿಗೆ ಒಳಚರಂಡಿ ಸಂಪರ್ಕ 1897ರಲ್ಲಿ ಆರಂಭವಾಯಿತು. ಓಣಿಗಳ ಹಳೆಯ ಕೆಲಸ ಕ್ರಮೇಣ ಮುಗಿಯಿತು.

ದಾರಿಯಾಗಿ ಬೇಡವಾದ ಓಣಿಯನ್ನು ಕೌನ್ಸಿಲ್ ಸಾರ್ವಜನಿಕ ಪ್ರಕಟಣೆ ಕೊಟ್ಟು ಮುಚ್ಚಿ, ಅಕ್ಕಪಕ್ಕದವರಿಗೆ ಮಾರುವುದುಂಟು. ಮನೆ ಕಟ್ಟಲಾಗದ ತುಂಡು. ಕೊಳ್ಳುವವರು ಇಬ್ಬರೋ ಮೂವರೋ. ನಿವೇಶನದ ದರವನ್ನೇ ಹಾಕುವುದು ಸರಿಯಲ್ಲ, ಪುಕ್ಕಟೆ ಎನ್ನುವುದೂ ಸಲ್ಲದು. 1907ರ ಸ್ಪೆನ್ಸರ್ ಮೊಕದ್ದಮೆಯಲ್ಲಿ ಈ ದೇಶದ ಹೈಕೋರ್ಟ್ ತೋರಿದ ಅಳತೆಗೋಲು ಇದು: ಮನಸ್ಸಿದ್ದೂ ಆತುರವಿಲ್ಲದ ಇಬ್ಬರು ಒಪ್ಪುವ ಬೆಲೆ.

ತುಂಡಿಲ್ಲದೆ ನಮ್ಮ ಮನೆಗೆ 10 ಲಕ್ಷ ಡಾಲರ್, ಸೇರಿದರೆ 10 ಲಕ್ಷ 40 ಸಾವಿರ ಎನ್ನೋಣ. ಆ 40 ಸಾವಿರವೇ ನಮ್ಮ ಗರಿಷ್ಠ ಮಿತಿ. ನೋಂದಣಿ, ವಕೀಲರ ಖರ್ಚು ಕಳೆದು ಚೌಕಾಸಿ ಅದರ ಕೆಳಗೆ. ನೆರೆಯವರಿಗೂ ಬೇಕಾಗಿದ್ದರೆ ಬೆಲೆ ಏರುತ್ತದೆ. ಅಡಿಯಲ್ಲಿ ಚರಂಡಿ ಕೊಳವೆ ಹಾದಿದ್ದರೆ ಇಳಿಯುತ್ತದೆ. ಅದರ ಮೇಲೆ ಕಟ್ಟಲು ಬೇರೆ ಅನುಮತಿ ಬೇಕು.

ಬೇಲಿ ಸರಿಸುವ ಮೊದಲು ಹಕ್ಕುಪತ್ರ ನೋಡೋಣ, ನೆರೆಯವರೊಡನೆ ಮಾತಾಡೋಣ. ಗೇಣಗಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಊರಿನಲ್ಲಿ ಕಂಡವರು ನಾವು. ಬಂಧುಬಳಗ ದೂರವಿರುವ ಈ ನಾಡಿನಲ್ಲಿ, ರಾತ್ರಿ ಕಷ್ಟ ಬಂದರೆ ಬಾಗಿಲು ತಟ್ಟಬೇಕಾದದ್ದು ಪಕ್ಕದ ಮನೆಯದನ್ನೇ.