ಮಧ್ಯಾಹ್ನದ ಬಸ್ಸಿನ ಲೆಕ್ಕ

(ಸಂಘದ ಮಹಿಳಾ ವಿಭಾಗದ ತಿಂಗಳ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾತಾಡಲು ಕರೆದಾಗ ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದರು. "ಸಿಟಿ ಬಸ್ಸಿನ ಬಗ್ಗೆ ಮಾತಾಡ್ತೀನಿ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಮ್ಮ ಕಾರ್ಯದರ್ಶಿ ಅಕ್ಕ ಮೆಲ್ಲಗೆ, "ಮಹಿಳೆ ಮತ್ತು ತಂತ್ರಜ್ಞಾನ ಅಂತ ಹಾಕಲೇನಮ್ಮಾ?" ಎಂದು ಕೇಳಿದರು. ಹಾಕಿ ಅಕ್ಕ, ಆದರೆ ನಾನು ಮಾತಾಡೋದು ಬಸ್ಸಿನ ಬಗ್ಗೆಯೇ ಎಂದೆ. ಹಾಗಾಗಿ ಆಮಂತ್ರಣದಲ್ಲಿ ಒಂದು ವಿಷಯ ಇದೆ, ಇಲ್ಲಿ ಇನ್ನೊಂದು. ಕ್ಷಮಿಸಬೇಕು.

ನಾನು ಎಂಟೆಕ್ ಓದಿದವಳು, ಸಾಫ್ಟ್‌ವೇರ್ ಕೆಲಸದವಳು. ಅದರಲ್ಲಿ ಆರು ವರ್ಷ ಮಾಡಿದ್ದು ನಗರ ಸಾರಿಗೆ ಸಂಸ್ಥೆಗಳಿಗೆ ವೇಳಾಪಟ್ಟಿ ಹಾಕಿಕೊಡುವ ತಂತ್ರಾಂಶದ ಕೆಲಸ. ಯಾವ ಬಸ್ಸು ಯಾವ ಡಿಪೋದಿಂದ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಸುತ್ತು ಹೊಡೆಯಬೇಕು, ಡ್ರೈವರ್-ಕಂಡಕ್ಟರ್ ಎಲ್ಲಿ ಬದಲಾಗಬೇಕು, ಇವನ್ನೆಲ್ಲ ಲೆಕ್ಕ ಹಾಕುವ ಪ್ರೋಗ್ರಾಂ. ಇದೇ ಕೆಲಸವನ್ನು ನಮ್ಮಪ್ಪ ಧಾರವಾಡದಲ್ಲಿ ಪೆನ್ಸಿಲ್ ಹಿಡಿದು ಮಾಡುತ್ತಿದ್ದರು. ಮೊದಲು ಕಂಡಕ್ಟರ್, ಕೊನೆಯ ವರ್ಷಗಳಲ್ಲಿ ಸಂಚಾರ ನಿಯಂತ್ರಕರು. ರಾತ್ರಿ ಊಟ ಆದಮೇಲೆ ನಡುಮನೆಯಲ್ಲಿ ದೊಡ್ಡ ಹಾಳೆ ಹರಡಿಕೊಂಡು ಗೆರೆ ಎಳೆಯುತ್ತ ಕೂರುತ್ತಿದ್ದರು. ನಾನು ರಬ್ಬರ್ ಹಿಡಿದು ಪಕ್ಕದಲ್ಲಿ ಕೂರುವವಳು. ನನ್ನ ಎಂಟೆಕ್ ಅಲ್ಲಿಂದಲೇ ಶುರುವಾಯಿತು ಅಂತ ನಾನು ತಮಾಷೆಗೆ ಹೇಳುವುದುಂಟು.

ಮೊದಲು ಒಂದು ಸಣ್ಣ ಲೆಕ್ಕ. ಹೆದರಬೇಡಿ, ಮನೆಯ ಹಾಲಿನ ಲೆಕ್ಕಕ್ಕಿಂತ ಸುಲಭ.

ಒಂದು ರೂಟು ಇದೆ ಅಂತಿಟ್ಟುಕೊಳ್ಳಿ. ಹೋಗಲು 50 ನಿಮಿಷ, ಬರಲು 50 ನಿಮಿಷ, ಎರಡೂ ತುದಿಯಲ್ಲಿ ಹತ್ತತ್ತು ನಿಮಿಷ ವಿರಾಮ. ಒಂದು ಬಸ್ಸು ಹೊರಟಲ್ಲಿಗೇ ಬಂದು ಮತ್ತೆ ಹೊರಡಲು 120 ನಿಮಿಷ. ಸ್ಟಾಪಿನಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಕಾಣಬೇಕಾದರೆ 12 ಬಸ್ಸು ಬೇಕು. ಈಗ ರಸ್ತೆ ಅಗೆದಿದ್ದಾರೆ, ಟ್ರಾಫಿಕ್ಕು ಹೆಚ್ಚಾಯಿತು, 50 ನಿಮಿಷದ ದಾರಿ 65 ಆಯಿತು. ಸುತ್ತು 150 ನಿಮಿಷಕ್ಕೆ ಹೋಯಿತು. ಅದೇ ಹತ್ತು ನಿಮಿಷ ಉಳಿಸಿಕೊಳ್ಳಬೇಕಾದರೆ ಈಗ 15 ಬಸ್ಸು ಬೇಕು. ಒಬ್ಬ ಪ್ರಯಾಣಿಕನೂ ಹೆಚ್ಚಾಗಿಲ್ಲ, ಮೂರು ಬಸ್ಸು ಸಿಗ್ನಲ್ಲಿನಲ್ಲೇ ಕರಗಿಹೋದವು. "ಬಸ್ಸು ಕಡಿಮೆ ಮಾಡಿದ್ದಾರೆ" ಎಂದು ನಾವು ಬೈಯುತ್ತೇವಲ್ಲ, ಎಷ್ಟೋ ಸಲ ಬಸ್ಸಿನ ಸಂಖ್ಯೆ ಹಾಗೇ ಇರುತ್ತದೆ, ದಾರಿ ನಿಧಾನವಾಗಿರುತ್ತದೆ.

ಇನ್ನೊಂದು ನಿಮಗೆಲ್ಲ ಗೊತ್ತಿರುವ ಸಂಗತಿ. ಅರ್ಧ ಗಂಟೆ ಕಾದರೂ ಬಸ್ಸಿಲ್ಲ, ಆಮೇಲೆ ಒಂದೇ ನಂಬರಿನವು ಎರಡು ಬೆನ್ನಿಗೆ ಬೆನ್ನು ಹತ್ತಿ ಬರುತ್ತವೆ. ಡ್ರೈವರುಗಳು ಮಾತಾಡಿಕೊಂಡು ಬರುತ್ತಾರೆ ಅಂತ ನಮ್ಮ ಅತ್ತೆಯವರ ನಂಬಿಕೆ. ಹಾಗಲ್ಲ. ಮುಂದಿನ ಬಸ್ಸು ಎರಡು ನಿಮಿಷ ತಡವಾದರೆ ಸ್ಟಾಪಿನಲ್ಲಿ ಜನ ಹೆಚ್ಚು ನಿಂತಿರುತ್ತಾರೆ, ಹತ್ತಿಸಿಕೊಳ್ಳಲು ಇನ್ನೂ ತಡ, ಮುಂದಿನ ಸ್ಟಾಪಿನಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಸರಸರ ಬಂದು ಮುಂದಿನದನ್ನು ಮುಟ್ಟುತ್ತದೆ. ಹತ್ತು ನಿಮಿಷಕ್ಕೊಂದರಂತೆ ಸಮನಾಗಿ ಬಂದರೆ ನೀವು ಸರಾಸರಿ ಐದು ನಿಮಿಷ ಕಾಯುತ್ತೀರಿ. ಅವೇ ಬಸ್ಸುಗಳು ಇಪ್ಪತ್ತು ನಿಮಿಷಕ್ಕೆ ಜೋಡಿಯಾಗಿ ಬಂದರೆ ಕಾಯುವುದು ಹತ್ತು ನಿಮಿಷ. ಡಿಪೋದ ಕಾಗದದಲ್ಲಿ ಮಾತ್ರ ಎಲ್ಲ ಟ್ರಿಪ್ಪೂ ಓಡಿವೆ, ತಪ್ಪೇನೂ ಇಲ್ಲ.

ಡಿಪೋ ಅಂದೆ. ಡಿಪೋ ಎಂದರೆ ಬಸ್ಸು ನಿಲ್ಲಿಸುವ ಬಯಲು ಎಂದು ಹೊರಗಿನವರಿಗೆ ಅನಿಸುತ್ತದೆ. ಅದು ಮನೆಯ ಅಡಿಗೆಮನೆಯ ಹಾಗೆ. ತೊಳೆಯುವುದು, ಇಂಧನ ತುಂಬುವುದು, ಟೈರಿನ ಗಾಳಿ, ಬ್ರೇಕು, ಹಿಂದಿನ ದಿನದ ಹಣ ಕಟ್ಟುವುದು ಎಲ್ಲ ರಾತ್ರಿಯೇ ಮುಗಿದಿರಬೇಕು. ಬೆಳಗಿನ ಜಾವ ಬಸ್ಸು ಡಿಪೋದಿಂದ ಮೊದಲ ಸ್ಟಾಪಿಗೆ ಖಾಲಿ ಹೋಗುತ್ತದೆ, ರಾತ್ರಿ ಖಾಲಿ ಬರುತ್ತದೆ. ಇದಕ್ಕೆ ನಮ್ಮಲ್ಲಿ ಡೆಡ್ ಕಿಲೋಮೀಟರ್ ಅನ್ನುತ್ತಾರೆ. ಡಿಪೋ ಎಂಟು ಕಿಲೋಮೀಟರ್ ದೂರವಿದ್ದರೆ ದಿನಕ್ಕೆ 16 ಕಿಲೋಮೀಟರ್ ದಂಡ. ಇಂಥ 20 ಬಸ್ಸಿಗೆ 320. ಊರ ನಡುವಿನ ಡಿಪೋ ಜಾಗಕ್ಕೆ ಒಳ್ಳೆಯ ಬೆಲೆ ಬರುತ್ತದೆ, ಬಸ್ಸನ್ನು ಊರಾಚೆ ನಿಲ್ಲಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಸಿಬ್ಬಂದಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯಾದಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಇದು ಸರಿಯಾದದ್ದೇ. ಆದರೆ ಇದರಿಂದ ಬೆಳಗಿನ ಪಾಳಿಯವರು ಇಳಿದು ಸಂಜೆ ಪಾಳಿಯವರು ಹತ್ತುವುದು ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಈಗ ವಿದ್ಯುತ್ ಬಸ್ಸುಗಳು ಬಂದಿವೆ. ಅವುಗಳಲ್ಲಿ ಅನೇಕವನ್ನು ನಡುವೆ ಚಾರ್ಜಿಗೆ ಹಾಕಬೇಕು, ಅದಕ್ಕೂ ಸಿಗುವುದು ಮಧ್ಯಾಹ್ನವೇ. ಜನ ಕಡಿಮೆ, ಆದಾಯ ಕಡಿಮೆ, ಅದೂ ಮಧ್ಯಾಹ್ನವೇ. ಹೀಗೆ ಯಾರೂ ಬೇಕೆಂದು ಮಾಡದೆಯೇ, ಬಸ್ಸು ತೆಗೆಯಬೇಕಾದರೆ ಮೊದಲು ಕೈ ಹೋಗುವುದು ಮಧ್ಯಾಹ್ನದ ಟ್ರಿಪ್ಪಿಗೆ.

ಮಧ್ಯಾಹ್ನ ಬಸ್ಸಿನಲ್ಲಿ ಯಾರು ಇರುತ್ತಾರೆ? ನೀವೇ ಹೇಳಿ. ಮಗುವನ್ನು ಶಾಲೆಯಿಂದ ಕರೆತರುವವರು, ನಾಲ್ಕು ಮನೆ ಕೆಲಸ ಮುಗಿಸಿ ಹೊರಟವರು, ಆಸ್ಪತ್ರೆಯಲ್ಲಿದ್ದವರಿಗೆ ಊಟ ಕೊಟ್ಟು ಬರುವವರು, ಸಂತೆ ಚೀಲ ಹಿಡಿದವರು.

ಈಗ ನನ್ನ ತಪ್ಪಿನ ಕತೆ. ಊರಿನ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಮುಂಬಯಿ ಅಲ್ಲ. ಅಲ್ಲಿ ಬಸ್ಸು ಕಡಿಮೆ ಇದ್ದವು, ಬೆಳಿಗ್ಗೆ-ಸಂಜೆಯ ನೂಕುನುಗ್ಗಲು ಹೆಚ್ಚಿತ್ತು. ಇದ್ದ ಬಸ್ಸಿನಲ್ಲೇ ಹೊಂದಿಸಿಕೊಡಿ ಎಂದು ನಮ್ಮ ಕಂಪನಿಗೆ ಕೆಲಸ ಬಂತು. ಟಿಕೆಟ್ ಮಿಷನ್ನಿನ ಮೂರು ತಿಂಗಳ ಅಂಕಿಅಂಶ ಕೊಟ್ಟರು. ಪ್ರತಿ ಟ್ರಿಪ್ಪಿಗೆ ಕಿಲೋಮೀಟರಿಗೆ ಎಷ್ಟು ಆದಾಯ ಎಂದು ಲೆಕ್ಕ ಹಾಕಿ, ಕೆಳಗಿನಿಂದ ತೆಗೆಯುತ್ತ ಬರುವ ಪ್ರೋಗ್ರಾಂ ಬರೆದವಳು ನಾನೇ. ಕೆಂಪು ಬಣ್ಣದಲ್ಲಿ ಬಂದವುಗಳಲ್ಲಿ ಒಂದು, ಊರಂಚಿನ ಬಡಾವಣೆಗೆ ಹೋಗುವ 1.40ರ ಟ್ರಿಪ್ಪು. ಸರಾಸರಿ ನಾಲ್ಕು ಟಿಕೆಟ್. ಅದರ ನಂತರದ್ದು 3.10ಕ್ಕೆ ಇತ್ತು. ತೆಗೆದೆವು. ಸಂಜೆಗೆ ಒಂದು ಟ್ರಿಪ್ಪು ಹೆಚ್ಚು ಸಿಕ್ಕಿತು. ಪ್ರೆಸೆಂಟೇಶನ್ನಿನಲ್ಲಿ ಎಲ್ಲರೂ ಮೆಚ್ಚಿದರು.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ದೊಡ್ಡಸ್ತಿಕೆಯಿಂದಲೇ ಹೇಳಿದೆ. ನೀವು ಒಂದು ತಿಂಗಳು ಕೂತು ಮಾಡೋದನ್ನ ನಾನು ಹನ್ನೆರಡು ನಿಮಿಷದಾಗ ಮಾಡಿದೆ ನೋಡ್ರಿ, ನಾಲ್ಕೇ ಟಿಕೆಟ್‌ನ ಟ್ರಿಪ್ ಸುಮ್ಮನ ಓಡಾಕತ್ತಿತ್ತು ಅಂತ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಪಾಸ್ ಇದ್ದವ್ರನ್ನ ಎಣಿಸೀಯೇನವಾ?"

ಎಣಿಸಿರಲಿಲ್ಲ. ಆ ಊರಿನಲ್ಲಿ ತಿಂಗಳ ಪಾಸಿನವರು ಪಾಸು ತೋರಿಸುತ್ತಿದ್ದರು, ಕಂಡಕ್ಟರ್ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ. ಮಿಷನ್ನಿನಲ್ಲಿ ಏನೂ ಒತ್ತುತ್ತಿರಲಿಲ್ಲ. ನನ್ನ ಅಂಕಿಅಂಶದಲ್ಲಿ ಅವರು ಹುಟ್ಟಿಯೇ ಇರಲಿಲ್ಲ. ಅಪ್ಪನಂಥ ಕಂಡಕ್ಟರಿಗೆ ವೇ ಬಿಲ್ ನೋಡದೆಯೂ ಬಸ್ಸಿನಲ್ಲಿ ಎಷ್ಟು ತಲೆ ಇವೆ ಅಂತ ಗೊತ್ತಿರುತ್ತಿತ್ತು. ನನಗೆ ಗೊತ್ತಿದ್ದದ್ದು ಫೈಲಿನಲ್ಲಿದ್ದಷ್ಟೇ.

ಮುಂದಿನ ಸಲ ಆ ಊರಿಗೆ ಕೆಲಸದ ಮೇಲೆ ಹೋದಾಗ ಮಧ್ಯಾಹ್ನ ಒಂದೂವರೆಗೆ ಆ ಸ್ಟಾಪಿಗೆ ಹೋಗಿ ನಿಂತೆ. ಟ್ರಿಪ್ಪು ನಿಂತು ಎರಡು ತಿಂಗಳು ಕಳೆದಿತ್ತು. ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವರು ಐದಾರು ಜನ, ಅಪಾರ್ಟ್‌ಮೆಂಟುಗಳ ಮನೆಗೆಲಸದವರು ಕೆಲವರು, ಮರದ ನೆರಳಲ್ಲಿ ಕೂತಿದ್ದರು. ಮೂರು ಗಂಟೆಯ ಬಸ್ಸಿಗೆ. ಇಬ್ಬರು ಮೂವರು ಕೂಡಿ ಶೇರ್ ಆಟೋ ಹಿಡಿದು ಹೋದರು. ಒಬ್ಬ ನಡುವಯಸ್ಸಿನವರ ಜೊತೆ ಮಾತಾಡಿದೆ. ಮೊದಲು ಹದಿನೆಂಟು ಇಪ್ಪತ್ತು ಜನ ಇರುತ್ತಿದ್ದೆವು, ನಮ್ಮದೇ ಬಸ್ಸು ಅನ್ನೋ ಹಾಗೆ ಇತ್ತು ಅಂದರು. ಅವರ ಜೊತೆಯವಳೊಬ್ಬಳಿಗೆ ಶಾಲೆಯಿಂದ ಬರುವ ಚಿಕ್ಕ ಮಗು. ಮೂರೂವರೆ ತನಕ ನೋಡಿಕೊಳ್ಳಲು ಯಾರೂ ಇಲ್ಲದ್ದಕ್ಕೆ ಅವಳು ಕೆಲಸ ಬಿಟ್ಟಿದ್ದಳು. ಬಸ್ಸು ಯಾಕೆ ನಿಲ್ಲಿಸಿದರೋ ಏನೋ, ಮೇಲಿನವರಿಗೆ ಏನು ತೊಂದರೆಯೋ ಎಂದು ಅವರೇ ನನಗೆ ಸಮಾಧಾನ ಹೇಳುವ ಹಾಗೆ ಹೇಳಿದರು. ನಿಲ್ಲಿಸಿದವಳು ನಾನೇ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ಇವತ್ತು ನಿಮ್ಮೆದುರು ಹೇಳುತ್ತಿದ್ದೇನೆ.

ವಾಪಸ್ ಬಂದು ವರದಿ ಬರೆದೆ. ಪಾಸಿನವರನ್ನು ಕೈಯಲ್ಲಿ ಎಣಿಸಿ ತರಿಸಿ ಎಂದು ಕೇಳಿದೆವು. ನಾಲ್ಕೈದು ತಿಂಗಳ ನಂತರ 1.55ಕ್ಕೆ ಒಂದು ಟ್ರಿಪ್ಪು ಮತ್ತೆ ಶುರುವಾಯಿತು. ಕೆಲಸ ಬಿಟ್ಟವಳು ಮತ್ತೆ ಸೇರಿದಳೋ ಇಲ್ಲವೋ, ವಿಚಾರಿಸಲು ನನಗೆ ದಾರಿ ಇರಲಿಲ್ಲ.

ಇದಾದಮೇಲೆ ಒಂದು ವಿಷಯವನ್ನು ನಾನು ಬೇರೆ ಥರ ನೋಡತೊಡಗಿದೆ. ದೆಹಲಿಯಲ್ಲಿ 2019ರ ಅಕ್ಟೋಬರ್ 29ರಿಂದ ಹೆಂಗಸರಿಗೆ ಗುಲಾಬಿ ಟಿಕೆಟ್ ಬಂತು. ನಮ್ಮ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಪುಕ್ಕಟೆ ಕೊಡಬೇಕೋ ಬೇಡವೋ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲೇ ಎಷ್ಟು ಜಗಳ ಆಯಿತು, ನಿಮಗೆ ಗೊತ್ತು. ಆ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಆದರೆ ಎರಡೂ ಕಡೆ ಹಣ ತೆಗೆದುಕೊಳ್ಳದಿದ್ದರೂ ಟಿಕೆಟ್ ಕೊಟ್ಟರು. ಶೂನ್ಯ ದರದ ಟಿಕೆಟ್. ನಮ್ಮ ವೃತ್ತಿಯವರಿಗೆ ಅದು ಬಂಗಾರ. ಎಷ್ಟು ಗಂಟೆಗೆ, ಯಾವ ಹಂತದಿಂದ ಯಾವ ಹಂತಕ್ಕೆ ಒಬ್ಬ ಹೆಂಗಸು ಹೋದಳು ಎಂಬುದು ದಾಖಲಾಯಿತು. ದುಡ್ಡು ಕೊಟ್ಟು ಪಾಸು ಮಾಡಿಸಿಕೊಂಡಾಗ ಕಾಣದಿದ್ದವಳು ಸೊನ್ನೆ ರೂಪಾಯಿಯ ಚೀಟಿಯಲ್ಲಿ ಕಂಡಳು. ಆ ಅಂಕಿಅಂಶವನ್ನು ಅನುದಾನದ ಬಿಲ್ಲಿಗೆ ಮಾತ್ರ ಬಳಸಿದರೆ ಅರ್ಧ ಉಪಯೋಗ. ಮಧ್ಯಾಹ್ನದ ವೇಳಾಪಟ್ಟಿಗೂ ಬಳಸಬೇಕು ಎಂಬುದು ನನ್ನ ವಾದ.

ಇನ್ನು ನಮ್ಮ ಮುಂಬಯಿಗೆ ಬರೋಣ. ಈ ಊರಿನಲ್ಲಿ ಮೊದಲ ಬಸ್ಸು ಓಡಿದ್ದು 1926ರ ಜುಲೈ 15ರಂದು, ಅಫಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ. 2026ರ ಜುಲೈಗೆ ನೂರು ವರ್ಷ. ಇಲ್ಲಿರುವ ಹಿರಿಯರಲ್ಲಿ ಕೆಲವರು ಟ್ರಾಮನ್ನೂ ಕಂಡಿರಬಹುದು, ಅದು ನಿಂತಿದ್ದು 1964ರ ಮಾರ್ಚ್ 31ಕ್ಕೆ. ಊರಿನಿಂದ ಮದುವೆಯಾಗಿ ಬಂದವರು ಬೆಸ್ಟ್ ಬಸ್ಸಿನ ಮುಂದಿನ ಬೋರ್ಡಿನಿಂದಲೇ ಮರಾಠಿ ಅಂಕಿ ಕಲಿತರು ಎಂದು ನಮ್ಮ ಅತ್ತೆ ಹೇಳುತ್ತಾರೆ. ನಮ್ಮ ಅಂಕಿಗೂ ಅವರ ಅಂಕಿಗೂ ಹೋಲಿಕೆ ಇದ್ದೂ ಇಲ್ಲದ ಹಾಗೆ ಇರುವುದರಿಂದ, ಒಂದು ಸಲ ತಪ್ಪು ಬಸ್ಸು ಹತ್ತಿ ಕಣ್ಣಲ್ಲಿ ನೀರು ತಂದುಕೊಂಡಿದ್ದರಂತೆ. ಕಂಡಕ್ಟರೇ ಇಳಿಸಿ ಸರಿಯಾದ ಸ್ಟಾಪು ತೋರಿಸಿದನಂತೆ.

ಒಂದು ಕಾಲಕ್ಕೆ ಬೆಸ್ಟ್ ಹತ್ತಿರ 4,000ಕ್ಕೂ ಹೆಚ್ಚು ಬಸ್ಸುಗಳಿದ್ದವು. 2025ರ ಹೊತ್ತಿಗೆ 3,000ಕ್ಕಿಂತ ಕೆಳಗೆ ಬಂದಿವೆ, ಅವುಗಳಲ್ಲೂ ಬಹುಪಾಲು ಗುತ್ತಿಗೆದಾರರಿಂದ ಬಾಡಿಗೆಗೆ ಪಡೆದವು. 2019ರ ಜುಲೈಯಲ್ಲಿ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದ್ದರು. 2025ರ ಮೇ ತಿಂಗಳಲ್ಲಿ ಅದು 10 ಆಯಿತು, ಎಸಿ ಬಸ್ಸಿಗೆ 12. ದರದ ಬಗ್ಗೆ ಎಲ್ಲರೂ ಮಾತಾಡಿದರು. ಕಾಯುವ ಹೊತ್ತಿನ ಬಗ್ಗೆ ಅಷ್ಟು ಮಾತಿಲ್ಲ. ನನ್ನನ್ನು ಕೇಳಿದರೆ ಹತ್ತು ರೂಪಾಯಿಗಿಂತ ಮೂವತ್ತೈದು ನಿಮಿಷ ದುಬಾರಿ. ಅಷ್ಟು ಹೊತ್ತು ಕಾದವಳು ಎರಡು ದಿನ ನೋಡುತ್ತಾಳೆ, ಮೂರನೆಯ ದಿನ ಆಟೋ ಹಿಡಿಯುತ್ತಾಳೆ ಅಥವಾ ನಡೆಯುತ್ತಾಳೆ. ಅವಳು ಹೋದಮೇಲೆ ಆ ರೂಟಿನ ಆದಾಯ ಇನ್ನೂ ಇಳಿಯುತ್ತದೆ, ನನ್ನಂಥವಳೊಬ್ಬಳು ಕಂಪ್ಯೂಟರಿನ ಮುಂದೆ ಕೂತು ಇನ್ನೊಂದು ಟ್ರಿಪ್ಪು ತೆಗೆಯುತ್ತಾಳೆ. ಹತ್ತಿದವರನ್ನು ಮಿಷನ್ನು ಎಣಿಸುತ್ತದೆ. ಕಾದು ಕಾದು ಹೊರಟುಹೋದವರನ್ನು ಎಣಿಸುವ ಮಿಷನ್ನು ನಮ್ಮ ಹತ್ತಿರ ಇಲ್ಲ.

ಅದಕ್ಕೇ ಇವತ್ತು ಒಂದು ಕೆಲಸ ತಂದಿದ್ದೇನೆ. ಬಾಗಿಲ ಹತ್ತಿರ, ಚಹಾದ ಮೇಜಿನ ಪಕ್ಕ, ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ನೀವು ಅಥವಾ ನಿಮ್ಮ ಮನೆಗೆ ಕೆಲಸಕ್ಕೆ ಬರುವ ಬಾಯಿ ಯಾವ ಸ್ಟಾಪಿನಲ್ಲಿ, ಯಾವ ನಂಬರಿನ ಬಸ್ಸಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಕಾದಿರಿ ಎಂದು ಬರೆಯಿರಿ. "ಬಸ್ಸೇ ಬರಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ, ಯಾವ ಡಿಪೋ ಮ್ಯಾನೇಜರನೂ ಅದಕ್ಕೆ ಏನೂ ಮಾಡಲಾರ. ದಿನಾಂಕ, ಹೊತ್ತು, ನಂಬರು ಬೇಕು. ಒಂದು ವಾರ ಬರೆದರೂ ಸಾಕು. ಡಿಪೋ ಪ್ರಕಾರ ವಿಂಗಡಿಸಿ ಕಾಗದ ಮಾಡಿಕೊಡುವ ಕೆಲಸ ನನ್ನದು, ಕೊಟ್ಟು ಬರಲು ಜೊತೆಗೆ ಇಬ್ಬರು ಬಂದರೆ ಒಳ್ಳೆಯದು, ಮರಾಠಿ ಚೆನ್ನಾಗಿ ಬಲ್ಲವರು.

ಪೆನ್ನು ನೋಟ್‌ಬುಕ್ಕಿಗೇ ಕಟ್ಟಿದ್ದೇನೆ. ಅದನ್ನು ಮಾತ್ರ ಯಾರೂ ಒಯ್ಯಬೇಡಿ.